ಉಣ್ಣಿಯ ಮೇಲೆ ಬಂದ ಆರೋಪ

ಗಜೇಂದ್ರಗಡದ ಡಾಕ್ಟರ್ ಮುಬೀನಾ ಅವರ ದವಾಖಾನೆಗೆ ಕೆಮ್ಮು ನೆಗಡಿಯವರು ಬರುತ್ತಿದ್ದರು, ಸಕ್ಕರೆ ಕಾಯಿಲೆಯವರು ಬರುತ್ತಿದ್ದರು, ಎಲ್ಲೂ ಪತ್ತೆಯಾಗದ ಜಡ್ಡು ಹೊತ್ತವರು ರೋಣ, ನರಗುಂದದಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಆದರೆ ಮೈಯಲ್ಲಿ ಯಾವ ಜಡ್ಡೂ ಇಲ್ಲದ ಮನುಷ್ಯನೊಬ್ಬ ಚೀಟಿ ಮಾಡಿಸಿ ಸರದಿಯಲ್ಲಿ ಕೂತದ್ದು ಅದೇ ಮೊದಲು. ಹೆಸರು ಬರೆದುಕೊಳ್ಳುವ ಮೇಜಿನ ಹಿಂದಿದ್ದ ತೋಟಪ್ಪನಿಗೆ ತಕ್ಷಣ ಅನುಮಾನ ಬಂತು. ಅವನಿಗೆ ಅನುಮಾನ ಬರದ ದಿನವೇ ಇರಲಿಲ್ಲ ಎನ್ನಿ. ಪೊಲೀಸ್ ಹವಾಲ್ದಾರನಾಗಿ ನಿವೃತ್ತನಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ದವಾಖಾನೆ ಸೇರಿದ್ದ. ಕಳ್ಳರ ಬದಲು ರೋಗಗಳ ಬೆನ್ನು ಹತ್ತುವ ಈ ಹೆಣ್ಣುಮಗಳ ಕೆಲಸ ಅವನಿಗೆ ಹಿಡಿಸಿಬಿಟ್ಟಿತ್ತು. ಅವರೊಡನೆ ಹಳ್ಳಿಗಳಿಗೆ ಹೋಗುವಾಗಲಂತೂ ಹಳೆಯ ಖಾಕಿಯನ್ನೇ ತೊಟ್ಟಷ್ಟು ಬಿಗಿಯಾಗಿ ನಡೆಯುತ್ತಿದ್ದ.

"ನಾ ಜಡ್ಡಾಗಿ ಬಂದಿಲ್ರಿ ಡಾಕ್ಟರ ಬಾಯಾರ," ಎಂದ ಬಂದವನು, ಒಳಗೆ ಹೋಗುತ್ತಲೇ. "ನನ್ನ ಕುರಿ ಒಂದು ಹೆಣ್ಣುಮಗಳ ಕಾಲ ಕಸಗೊಂಡಾವು ಅಂತ ಮಂದಿ ಅಂತಾರ. ಖರೇ ಇದ್ರ ನಾನ ಕುರಿ ಮಾರಿಬಿಡ್ತೀನಿ. ಸುಳ್ಳ ಇದ್ರ, ಸುಳ್ಳ ಅಂತ ನೀವು ಹೇಳ್ಬೇಕ್ರಿ."

ಅವನ ಹೆಸರು ಬೀರಲಿಂಗ. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುವುದು ಅವನ ಕಸುಬು. ಹೊಲಕ್ಕೆ ಗೊಬ್ಬರವಾಗುತ್ತಿತ್ತು, ಕುರಿಗೆ ಮೇವಾಗುತ್ತಿತ್ತು. ಕಳೆದ ಚಳಿಗಾಲ ಅಸೂಟಿಯ ಸಿದ್ದಲಿಂಗನ ಹೊಲದಲ್ಲಿ ಕುರಿಹಟ್ಟಿ ಹಾಕಿದ್ದ. ಆಗ ಅದೇ ಹೊಲದ ಇನ್ನೊಂದು ಬದಿಯಲ್ಲಿ ಕಡಲೆ ಕೀಳಲು ಬಂದಿದ್ದ ಸಿದ್ದಲಿಂಗನ ಹೆಂಡತಿ ಸುವರ್ಣಾಳ ಮೀನಖಂಡಕ್ಕೆ ಉಣ್ಣಿಯೊಂದು ಕಚ್ಚಿತ್ತು. ಕೆಲವು ತಿಂಗಳಾದ ಮೇಲೆ ಅವಳ ಎಡಗಾಲು ಜೋಮು ಹಿಡಿದು ಸ್ವಾಧೀನ ತಪ್ಪತೊಡಗಿತು. ಪಟ್ಟಣದ ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡಿಸಿದರೆ ಉಣ್ಣಿಯಿಂದ ಬರುವ ಲೈಮ್ ಎಂಬ ಜಡ್ಡು ಇದೆ ಎಂದು ಬಂತು. ಸುದ್ದಿ ಅಸೂಟಿಯಿಂದ ಲಕ್ಕಲಕಟ್ಟಿಗೆ, ಅಲ್ಲಿಂದ ಸೂಡಿಗೆ ಹಬ್ಬಿತು. ಈಗ ಯಾರ ಹೊಲದ ಬದುವಿನ ಮೇಲೂ ಬೀರಲಿಂಗನ ಕುರಿ ಕಾಲಿಡುವಂತಿರಲಿಲ್ಲ.

ತೋಟಪ್ಪನ ಮಟ್ಟಿಗೆ ಕೇಸು ಅಲ್ಲಿಗೇ ಮುಗಿಯಿತು. ಆರೋಪಿ ಸ್ಥಳದಲ್ಲಿದ್ದ, ಗಾಯ ಆಗಿತ್ತು, ಮೇಲೆ ಲ್ಯಾಬಿನ ವರದಿ ಬೇರೆ. ಇನ್ನೇನು ಬೇಕು? ಮುಬೀನಾ ಮಾತ್ರ ಕುರುಬನನ್ನು ಒಂದೇ ಮಾತು ಕೇಳಿದರು. ಅದಕ್ಕೂ ಮೊದಲು ಆ ಹೊಲದಲ್ಲಿ ಯಾರಾದರೂ ಕುರಿ ನಿಲ್ಲಿಸಿದ್ದರೇ? ಇಲ್ಲ, ಅದೇ ಮೊದಲು, ಅದಕ್ಕೂ ಹಿಂದೆ ಅವರು ತಿಪ್ಪೆಗೊಬ್ಬರ ಹೇರಿಸುತ್ತಿದ್ದರು ಎಂದ ಬೀರಲಿಂಗ. ಮುಬೀನಾ ತಲೆಯಾಡಿಸಿ, ಭಾನುವಾರ ಅಸೂಟಿಗೆ ಹೋಗೋಣ ಎಂದರು.

ಸಿದ್ದಲಿಂಗ ಮರ್ಯಾದಸ್ಥ ಮನುಷ್ಯ. ಕರೆಯದೆ ಬಂದ ಡಾಕ್ಟರಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಕೇಳುವ ಮೊದಲೇ ಸ್ಕ್ಯಾನಿನ ದೊಡ್ಡ ಚೀಲ ತಂದು ಮುಂದಿಟ್ಟ. ಸುವರ್ಣಾ ಗೋಡೆ ಹಿಡಿದು ಕಾಲೆಳೆಯುತ್ತ ಬಂದು ಕೂತಳು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಮೊದಲು ಹುಬ್ಬಳ್ಳಿಯ ನರರೋಗ ತಜ್ಞರೊಬ್ಬರು ಮಿದುಳಿನ ಸ್ಕ್ಯಾನಿನಲ್ಲಿ ಬಿಳಿ ಕಲೆಗಳಿವೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು, ಬೆನ್ನುಹುರಿಯ ನೀರು ತೆಗೆದು ನೋಡಬೇಕು ಎಂದಿದ್ದರಂತೆ. ಅದಕ್ಕೆ ಪೂರ್ತಿ ಗುಣವಾಗುವ ಔಷಧವಿಲ್ಲ ಎಂಬುದನ್ನು ಕೇಳಿದ್ದೇ ಸಿದ್ದಲಿಂಗ ಹೆಂಡತಿಯನ್ನು ಕರೆದುಕೊಂಡು ಊರಿಗೆ ಬಂದುಬಿಟ್ಟ. ಆಮೇಲೆ ಫೋನಿನಲ್ಲಿ ಹುಡುಕಿ ಹುಡುಕಿ, ಅದರ ಹಾಗೆಯೇ ಕಾಣುವ ಇನ್ನೊಂದು ಜಡ್ಡು ಉಣ್ಣಿಯಿಂದ ಬರುತ್ತದೆ, ಗುಳಿಗೆಯಿಂದ ವಾಸಿಯಾಗುತ್ತದೆ ಎಂದು ಪತ್ತೆಮಾಡಿದ. ಉಣ್ಣಿ ಕಚ್ಚಿದ್ದು ನೆನಪಿತ್ತು. ಲ್ಯಾಬೂ ಹೌದೆಂದಿತು. ಗುಳಿಗೆ ಶುರು ಮಾಡಿದ ಕೆಲವು ವಾರಕ್ಕೆ ಕಾಲು ತುಸು ಸುಧಾರಿಸಿತು, ಆಮೇಲೆ ಮತ್ತೆ ಕೈಕೊಟ್ಟಿತು. ಆದರೂ ಅವನು ಅದೇ ಗುಳಿಗೆಯನ್ನು ತಂದು ತಂದು ನುಂಗಿಸುತ್ತಲೇ ಇದ್ದ.

"ಆ ಜಡ್ಡಿಗೆ ಔಷಧ ಇಲ್ಲಂತ್ರಿ. ಇದಕ್ಕ ಐತಿ," ಎಂದ ಸಿದ್ದಲಿಂಗ. "ಅಂದ ಮ್ಯಾಲೆ ಇದ ಇರಬೇಕಲ್ರಿ ಬಾಯಾರ?"

ಮುಬೀನಾ ಕಚ್ಚಿದ ಕಲೆ ಹೇಗಿತ್ತು ಎಂದು ಕೇಳಿದರು. ಅದರ ಫೋಟೋ ಅವನ ಫೋನಿನಲ್ಲೇ ಇತ್ತು. ಕಚ್ಚಿದ ದಿನ ಸಂಜೆ ತೆಗೆದದ್ದು. ಅಂಗಿ ಗುಂಡಿಯಷ್ಟು ಅಗಲದ ಕೆಂಪು ಕಲೆ. ಬಹಳ ತುರಿಸಿತ್ತು, ಎರಡು ದಿನಕ್ಕೆಲ್ಲ ಮಾಯವಾಗಿತ್ತು ಎಂದಳು ಸುವರ್ಣಾ.

ಆಮೇಲೆ ಮುಬೀನಾ ಅಡುಗೆಮನೆ ಹೊಕ್ಕರು. ತೋಟಪ್ಪ ಬಾಗಿಲ ಬಳಿ ನಿಂತ. ಒಲೆಯ ಮುಂದೆ ಸುವರ್ಣಾಳ ಅತ್ತೆ ಮಾನವ್ವ ರೊಟ್ಟಿ ಬಡಿಯುತ್ತಿದ್ದಳು. ವಯಸ್ಸಾದ ತಾನೇ ಬಡಿಯಬೇಕಾಗಿ ಬಂದ ಸಿಟ್ಟು ಪ್ರತಿ ಏಟಿನಲ್ಲೂ ಕೇಳುತ್ತಿತ್ತು.

"ಕಾಲಿನ ಮಾತು ಬಿಡ್ರಿ, ಅದು ಕಣ್ಣಿಗೆ ಕಾಣತೈತಿ," ಎಂದಳು ಮಾನವ್ವ. "ಒಲಿ ಮುಂದ ಕುಂತ್ರ ಸಾಕು, ಕಣ್ಣ ಮಂಜಾತು ಅಂತಾಳ. ಎದ್ದು ಹೋಗಿ ಬೇವಿನ ನೆರಳಾಗ ಕುಂತ್ರ ಎಲ್ಲಾ ಕಾಣತೈತಂತ. ರೊಟ್ಟಿ ಕಂಡ್ರ ಬರೋ ಜಡ್ಡು ಯಾವುದ್ರಿ ಅದು?"

ಸುವರ್ಣಾ ತಲೆ ತಗ್ಗಿಸಿದಳು. ತೋಟಪ್ಪನಿಗೆ ನಗು ಬಂದಿತ್ತು, ಆದರೆ ಮುಬೀನಾ ಅವರ ಮುಖ ನೋಡಿ ಅದನ್ನು ಅಲ್ಲೇ ನುಂಗಿದ. ಅವರು ಸುವರ್ಣಾಳಿಗೆ ಗದ್ದ ಎದೆಗೆ ತಾಗುವಂತೆ ಕತ್ತು ಬಗ್ಗಿಸಲು ಹೇಳಿದರು. ಅವಳು ಬಗ್ಗಿಸಿದವಳೇ ಬೆಚ್ಚಿ ತಲೆಯೆತ್ತಿದಳು. ಕರೆಂಟು ಹೊಡೆದಂತೆ ಬೆನ್ನಗುಂಟ ಇಳಿಯುತ್ತದೆ, ಜೋಳ ಹಸನು ಮಾಡಲು ಬಗ್ಗಿದರೂ ಹೀಗೇ ಆಗುತ್ತದೆ ಎಂದಳು. ಯಾರಿಗಾದರೂ ಹೇಳಿದ್ದೆಯಾ ಎಂದರೆ, ಕಣ್ಣಿನ ಮಾತನ್ನೇ ನಂಬದವರು ಇದನ್ನು ನಂಬುತ್ತಾರೆಯೇ ಎಂದು ಮೆಲ್ಲಗೆ ಕೇಳಿದಳು.

ಪಡಸಾಲೆಯಲ್ಲಿ ಅಂಗನವಾಡಿಗೆ ಹೋಗುವ ವಯಸ್ಸಿನ ಮಗಳು ಪುಟ್ಟ ಕೌದಿಯೊಂದರ ಮೇಲೆ ಮಲಗಿತ್ತು. ಹಳೆಯ ಸೀರೆ ತುಂಡುಗಳನ್ನು ಕೂಡಿಸಿ ಸುವರ್ಣಾಳೇ ಹೊಲಿದದ್ದು. ಇರುವೆ ಸಾಲಿನಂಥ ಹೊಲಿಗೆ. ಮುಬೀನಾ ನೆಲದಲ್ಲಿ ಕೂತು ಅದರ ಕೆಂಪು ಅಂಚನ್ನು ಬೆರಳಿನಿಂದ ಸವರುತ್ತ ಹೋದರು. ಕೆಂಪು ಬಟ್ಟೆಗೆ ಕೆಂಪು ದಾರ, ಕೆಂಪು ದಾರ. ಕೊನೆಯ ಮೂಲೆಗೆ ಬಂದಾಗ ಕಂದು ದಾರ. ಅವರ ಬೆರಳು ಅಲ್ಲಿ ನಿಂತಿತು.

"ಅದೊಂದು ಮೂಲಿ ನೋಡಬ್ಯಾಡ್ರಿ," ಎಂದಳು ಒಳಗಿನಿಂದ ಬಂದ ಮಾನವ್ವ. "ಕೂಸು ಹುಟ್ಟಿ ನಾಕೈದು ತಿಂಗಳಾಗಿತ್ತು. ಕೆಂಪು ದಾರ ಅಂತ ಅದನ್ನ ಪೋಣಿಸಿ ಕೆಡಿಸಿದ್ಲು. ಬಿಚ್ಚಿ ಹೊಲಿ ಅಂದ್ರ ಇವತ್ತಿನ ತನಕ ಹೊಲಿದಿಲ್ಲ."

ಸುವರ್ಣಾಳ ಎಡಗಣ್ಣು ಚಿಕ್ಕಂದಿನಲ್ಲೇ ಜೋಳದ ದಂಟು ಬಡಿದು ಮಂಜಾಗಿತ್ತು, ಬಲಗಣ್ಣೊಂದೇ ಆಸರೆ. ಆಗ ಆ ಬಲಗಣ್ಣು ಹೊರಳಿಸಿದರೆ ನೋಯುತ್ತಿತ್ತು, ಕೆಂಪೆಲ್ಲ ಒದ್ದೆ ಮಣ್ಣಿನ ಬಣ್ಣದ ಹಾಗೆ ಕಾಣುತ್ತಿತ್ತು ಎಂದಳು ಅವಳು. ಬಾಣಂತನದ ನಿತ್ರಾಣ ಎಂದು ಎಲ್ಲರೂ ಅಂದರು. ಕೆಲವು ವಾರಕ್ಕೆ ತಾನಾಗಿಯೇ ಸರಿಹೋಯಿತು.

ಮುಬೀನಾ ಹೊರಡುವ ಮೊದಲು, ಹುಬ್ಬಳ್ಳಿಯ ಆ ತಜ್ಞರ ಬಳಿಗೇ ಮತ್ತೆ ಹೋಗಿ ಬಾಕಿ ಉಳಿದ ಪರೀಕ್ಷೆ ಮಾಡಿಸಬೇಕು ಎಂದರು. ಸಿದ್ದಲಿಂಗ ಬೇಡವೆಂದ. ಅವನ ಊಹೆಯೇ ಸರಿಯಾದರೆ ಪರೀಕ್ಷೆಯಲ್ಲಿ ಅದೂ ತಿಳಿಯುತ್ತದಲ್ಲ ಎಂದು ಅವರು ಸಮಾಧಾನ ಹೇಳಿದರು. ಕೊನೆಗೆ ಮಾತಾಡಿದವಳು ಸುವರ್ಣಾ. "ಕಾಲು ನಂದೈತಿ. ನಾ ಹೋಗ್ತೀನಿ," ಎಂದಳು.

ಹಿಂದಿರುಗುವಾಗ ಕಾರಿನಲ್ಲಿ ತೋಟಪ್ಪ ಪಕ್ಷ ಬದಲಿಸಿ ಬೀರಲಿಂಗನ ಪರ ವಕಾಲತ್ತು ಮಾಡಿದ. ಆ ಮನುಷ್ಯ ಹಗಲಿರುಳು ಕುರಿಯೊಂದಿಗೆ ಇರುತ್ತಾನೆ, ಉಣ್ಣಿ ಅವನಿಗೆ ಕಚ್ಚದ ಜಾಗವಿಲ್ಲ, ಆದರೂ ಗಟ್ಟಿಮುಟ್ಟಾಗಿದ್ದಾನೆ; ಆದ್ದರಿಂದ ಉಣ್ಣಿ ನಿರಪರಾಧಿ. ಮುಬೀನಾ ಅದನ್ನು ತಳ್ಳಿಹಾಕಿದರು.

"ಅದು ಸಾಕ್ಷಿ ಅಲ್ರಿ ತೋಟಪ್ಪಾರ. ಕಚ್ಚಿಸಿಕೊಂಡ ಎಲ್ಲಾರಿಗೂ ಜಡ್ಡು ಬರಬೇಕಂತಿಲ್ಲ. ಖರೇ ಸಾಕ್ಷಿ ಮ್ಯಾಲೆ ಆ ಕೂಸು ಮಲಗಿತ್ತು."

ತೋಟಪ್ಪ ಗಜೇಂದ್ರಗಡದ ಗುಡ್ಡ ಕಾಣುವವರೆಗೂ ಯೋಚಿಸಿದ. ಏನೂ ಹೊಳೆಯಲಿಲ್ಲ. ಹೊಳೆಯಿತು ಎಂಬಂತೆ ಮುಖ ಮಾಡಿಕೊಂಡು ಕೂತ.

ಪರೀಕ್ಷೆಗಳೆಲ್ಲ ಮುಗಿದು ಸುವರ್ಣಾ ಊರಿಗೆ ಮರಳಿದ ಮೇಲೆ, ಅವಳ ಒಪ್ಪಿಗೆ ಕೇಳಿಯೇ ಮುಬೀನಾ ಎಲ್ಲರನ್ನೂ ಅದೇ ಪಡಸಾಲೆಯಲ್ಲಿ ಸೇರಿಸಿದರು. ಕುರಿಗೆ ಬಾಗಿಲು ಹಾಕಿದ್ದ ಅಕ್ಕಪಕ್ಕದ ಹೊಲದವರೂ ಬಂದಿದ್ದರು. ಬೀರಲಿಂಗ ಹೊಸ್ತಿಲ ಆಚೆಗೆ ಕೂತ. ಸಿದ್ದಲಿಂಗ ಅವನ ಕಡೆ ನೋಡಲಿಲ್ಲ.

"ಉಣ್ಣಿ ಕಚ್ಚಿದ್ದು ಖರೇ," ಎಂದು ಮುಬೀನಾ ಶುರುಮಾಡಿದರು. ಎಲ್ಲರೂ ಬೀರಲಿಂಗನತ್ತ ತಿರುಗಿದರು. ಆದರೆ ಲೈಮ್ ಜಡ್ಡಿನ ಕಲೆ ಕಚ್ಚಿದ ದಿನವೇ ಏಳುವುದಿಲ್ಲ ಎಂದು ಅವರು ಮುಂದುವರಿಸಿದರು. ಅದು ಕೆಲವು ದಿನ ಬಿಟ್ಟು ಎದ್ದು, ಅಂಗೈ ಅಗಲಕ್ಕೂ ಹರಡುತ್ತ ಹೋಗುತ್ತದೆ. ಇದು ಅದೇ ಸಂಜೆ ಎದ್ದು, ತುರಿಸಿ, ಎರಡು ದಿನಕ್ಕೆ ಆರಿತ್ತು. ಯಾವ ಹುಳ ಕಚ್ಚಿದರೂ ಆಗುವಂಥದು.

ಹಾಗಾದರೆ ಲ್ಯಾಬಿನ ವರದಿ? ಆ ಮೊದಲ ಪರೀಕ್ಷೆ ಕೆಲವೊಮ್ಮೆ ತಪ್ಪು ಮನುಷ್ಯನನ್ನೂ ಹಿಡಿಯುತ್ತದೆ ಎಂದರು ಮುಬೀನಾ. ಕೆಂಪಂಗಿ ಕಳ್ಳ ಎಂದು ಸುದ್ದಿ ಬಂದರೆ ಸಂತೆಯಲ್ಲಿದ್ದ ಕೆಂಪಂಗಿಯವರನ್ನೆಲ್ಲ ಠಾಣೆಗೆ ತಂದಂತೆ. ಹಾಗೆ ತಂದವರು ಯಾರೆಂದು ತೋಟಪ್ಪನವರನ್ನು ಕೇಳಿ ಎಂದರು. ತೋಟಪ್ಪ ಕೆಮ್ಮಿದ. ಅದಕ್ಕೇ ಗಟ್ಟಿ ಮಾಡಿಕೊಳ್ಳಲು ಎರಡನೆಯ ಪರೀಕ್ಷೆಯಿದೆ, ಅದರಲ್ಲಿ ಲೈಮ್ ಸಿಗಲಿಲ್ಲ.

"ಗುಳಿಗಿ ತಗೊಂಡಾಗ ಆರಾಮಾಗಿತ್ತಲ್ರಿ," ಎಂದ ಸಿದ್ದಲಿಂಗ, ಕೊನೆಯ ಎಳೆ ಹಿಡಿದು.

ಮುಬೀನಾ ಕೌದಿಯನ್ನು ತರಿಸಿ, ಕಂದು ದಾರದ ಮೂಲೆಯನ್ನು ಎಲ್ಲರಿಗೂ ಕಾಣುವಂತೆ ಬಿಡಿಸಿದರು.

"ಈ ಮೂಲಿ ಹೊಲಿವಾಗ ಸುವರ್ಣಾಗ ಕೆಂಪು ಕಂಡಿರಲಿಲ್ಲ. ಕಣ್ಣಿನ ನರಕ್ಕ ಬಾವು ಬಂದಿತ್ತು. ಅದು ಯಾವ ಗುಳಿಗಿನೂ ಇಲ್ಲದ ತಾನ ಇಳಿತು. ಬಂದು, ಹೋಗಿ, ಮತ್ತ ಬರೋದು ಈ ಜಡ್ಡಿನ ನಡಿಗಿ. ಆಗ ಕೂಸು ತೊಟ್ಟಿಲದಾಗಿತ್ತು. ಬೀರಲಿಂಗನ ಕುರಿ ಈ ಹೊಲಕ್ಕ ಕಾಲಿಟ್ಟಿದ್ದು ಕೂಸು ಓಡ್ಯಾಡೋ ಹೊತ್ತಿಗೆ. ಜಡ್ಡು ಕುರಿಗಿಂತ ಮೊದಲ ಈ ಮನಿಯಾಗಿತ್ತು."

ಹೊಸ್ತಿಲ ಆಚೆ ಬೀರಲಿಂಗ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. ಮುಬೀನಾ ಉಳಿದದ್ದನ್ನೂ ಬಿಡಿಸಿ ಹೇಳಿದರು. ನರಗಳಿಗೆ ಕರೆಂಟಿನ ವಾಯರಿಗಿರುವಂತೆ ಮೇಲೊಂದು ಹೊದಿಕೆ ಇರುತ್ತದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ಆ ಹೊದಿಕೆಯನ್ನು ಕೆರೆದುಹಾಕುತ್ತದೆ. ಹೊದಿಕೆ ಹೋದ ನರ ಮೈ ಬಿಸಿಯಾದಾಗ ಇನ್ನಷ್ಟು ಸೋಲುತ್ತದೆ, ತಂಪಾದರೆ ಚೇತರಿಸಿಕೊಳ್ಳುತ್ತದೆ. ಒಲೆಯ ಮುಂದೆ ಮಂಜಾಗಿ ಬೇವಿನ ನೆರಳಿನಲ್ಲಿ ತಿಳಿಯಾಗುತ್ತಿದ್ದುದು ಅದಕ್ಕೇ. ಕತ್ತಿನ ಭಾಗದ ಬೆನ್ನುಹುರಿಯಲ್ಲೂ ಕಲೆಯಿದ್ದುದರಿಂದ ಬಗ್ಗಿದಾಗ ಕರೆಂಟು ಹೊಡೆದಂತಾಗುತ್ತಿತ್ತು. ಕೌದಿ ತಮಗೆ ದಾರಿ ತೋರಿಸಿತು, ಅಷ್ಟೇ. ಪಕ್ಕಾ ಆದದ್ದು ಬೆನ್ನುಹುರಿಯ ನೀರಿನಿಂದ ಮತ್ತು ಹಳೆಯ ಕಲೆ, ಹೊಸ ಕಲೆ ಎರಡನ್ನೂ ತೋರಿಸಿದ ಸ್ಕ್ಯಾನಿನಿಂದ. ಹುಬ್ಬಳ್ಳಿಯವರು ಮೊದಲೇ ಅನುಮಾನಪಟ್ಟದ್ದೇ ನಿಜ. ಇದು ಮಲ್ಟಿಪಲ್ ಸ್ಕ್ಲೆರೋಸಿಸ್.

"ಅದಕ್ಕ ಔಷಧ ಇಲ್ಲಲ್ರಿ," ಎಂದ ಸಿದ್ದಲಿಂಗ.

"ಪೂರಾ ಅಳಿಸೋ ಔಷಧ ಇಲ್ಲ. ತಡಿಯೋ ಔಷಧ ಅದಾವ, ಲಗೂ ಶುರು ಮಾಡಿದಷ್ಟೂ ಚಲೋ. ಉಣ್ಣಿ ಬೆನ್ನ ಹತ್ತಿ ನೀವು ಕಳಕೊಂಡಿದ್ದು ಅದ ಹೊತ್ತು. ಇನ್ನ ಕಳಕೊಳ್ಳೋದು ಬ್ಯಾಡ. ಮೊನ್ನೆ ಹುಬ್ಬಳ್ಳಿಯಾಗ ಸಲೈನಿನ ಕೂಡ ಕೊಟ್ಟ ಔಷಧಕ್ಕ ಆಗಲೇ ಕಾಲು ಹಗುರಾಗೈತಿ, ಹೌದಲ್ಲ ಸುವರ್ಣಾ?"

ಎಲ್ಲರೂ ಸುವರ್ಣಾ ಅಳುತ್ತಾಳೆಂದುಕೊಂಡಿದ್ದರು. ಅವಳು ಗೋಡೆ ಹಿಡಿಯದೆ ಎದ್ದು ಬಂದು ಮುಬೀನಾ ಅವರ ಎರಡೂ ಕೈ ಹಿಡಿದುಕೊಂಡಳು.

"ಜಡ್ಡು ಇರಲಿ ಬಿಡ್ರಿ ಬಾಯಾರ, ಅದರ ಕೂಡ ಬಾಳೇ ಮಾಡ್ತೀನಿ. ನಾ ಸುಳ್ಳ ಹೇಳೋ ಹೆಣ್ಣುಮಗಳಲ್ಲ ಅಂತ ತೋರಿಸಿ ಕೊಟ್ರಲ್ಲ, ಅದು ಸಾಕು. ನನಗೂ ನನ್ನ ಮ್ಯಾಲೆ ನಂಬಿಕಿ ಹೋಗಿತ್ತು."

ಮಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನು ಮೇಲೆ ಒಲೆ ತನ್ನದು, ತಂಪು ಹೊತ್ತಿನ ಕೆಲಸ ಸೊಸೆಯದು ಎಂದು ಯಾರೂ ಕೇಳದೆಯೇ ತೀರ್ಪು ಕೊಟ್ಟಳು. ಸಿದ್ದಲಿಂಗ ಹೊಸ್ತಿಲು ದಾಟಿ ಹೋಗಿ ಬೀರಲಿಂಗನ ಪಕ್ಕದಲ್ಲಿ ನೆಲಕ್ಕೆ ಕೂತ. ಹೊರಗಿನವನೊಬ್ಬ ತಪ್ಪಿತಸ್ಥನಾದರೆ ಓಡಿಸಿಬಿಡಬಹುದಿತ್ತು, ಅದಕ್ಕೇ ಅವನನ್ನು ಹಿಡಿದುಕೊಂಡಿದ್ದೆ ಎಂದ. ಈ ಸುಗ್ಗಿ ಮುಗಿದ ಕೂಡಲೇ ಮೊದಲು ತನ್ನ ಹೊಲದಲ್ಲೇ ಹಟ್ಟಿ ಬೀಳಬೇಕು ಎಂದೂ ಹೇಳಿದ. ಬೀರಲಿಂಗ ಒಳಗಿದ್ದ ಡಾಕ್ಟರಿಗೆ ಅಲ್ಲಿಂದಲೇ ಕೈ ಮುಗಿದ. ಪಕ್ಕದ ಹೊಲದವರು ತಮ್ಮ ಸರದಿ ಯಾವಾಗ ಎಂದು ಅವನನ್ನು ಕೇಳತೊಡಗಿದರು.

ಹೊರಡುವಾಗ ಸುವರ್ಣಾ ಕೌದಿಯನ್ನು ಮಡಚಿ ಮುಬೀನಾ ಅವರ ಮಡಿಲಿಗಿಟ್ಟಳು. ಕೊಡಲು ತನ್ನ ಕೈಯಿಂದ ಆದದ್ದು ಇದೊಂದೇ ಎಂದಳು. ಮಾನವ್ವ ತಡೆದು, ಹಾಗೇ ಕೊಡಬಾರದು, ಆ ಕೆಟ್ಟ ಮೂಲೆಯನ್ನು ತಾನೇ ಬಿಚ್ಚಿ ಕೆಂಪು ದಾರದಲ್ಲಿ ಹೊಲಿದುಕೊಡುತ್ತೇನೆ ಎಂದು ಸೂಜಿ ಹುಡುಕಲು ಎದ್ದಳು. ಮುಬೀನಾ ಕೂಸಿನ ಕೌದಿ ಒಯ್ಯಲು ಮನಸ್ಸಾಗದೆ ತೋಟಪ್ಪನ ಮುಖ ನೋಡಿದರು. ಇಡೀ ಕೇಸಿನಲ್ಲಿ ಒಂದು ಸುಳಿವನ್ನೂ ಹಿಡಿಯದ ತೋಟಪ್ಪ ಆಗ ಗಂಟಲು ಸರಿಮಾಡಿಕೊಂಡು, ಹವಾಲ್ದಾರನ ದನಿಯಲ್ಲಿ ಮಾತಾಡಿದ.

"ಸಾಕ್ಷಿ ಸಾಮಾನಿಗೆ ಯಾರೂ ಸೂಜಿ ಹಚ್ಚೂ ಹಂಗಿಲ್ರಿ ಯವ್ವಾ. ಕೇಸು ಮುಗಿದ ಮ್ಯಾಲೆ ಅದನ್ನ ಇದ್ದಾಂಗ ಮಾಲಕರಿಗೆ ವಾಪಸ್ ಕೊಡಬೇಕು. ಅದು ಕಾಯ್ದೆ."

ಹಾಗೆಂದವನೇ ಕೌದಿಯನ್ನು ಎತ್ತಿಕೊಂಡು ಹೋಗಿ, ಬರಿ ಚಾಪೆಯ ಮೇಲೆ ನಿದ್ದೆ ಹೋಗಿದ್ದ ಕೂಸಿಗೆ ಹೊದಿಸಿದ. ಕಂದು ದಾರದ ಮೂಲೆ ಅದರ ಗದ್ದದ ಕೆಳಗೆ ಬಂತು. ಕೂಸು ನಿದ್ದೆಯಲ್ಲೇ ಆ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು.