ಅರ್ಧ ಸ್ವರ ಮೇಲೆ

"ನಿಲ್ಲಿಸು! ನನ್ನ ಗಂಟಲು ಹರಿದುಹೋಗ್ಲಿ ಅಂತಾನಾ?"

ಗೆಸೀನೆಯ ಕೂಗು ಲೈಪ್‌ಜಿಗ್‌ನ ಆ ಹಳೆಯ ಚರ್ಚನ್ನೆಲ್ಲ ತುಂಬಿತು. ಆರ್ಗನ್ ನುಡಿಸುತ್ತಿದ್ದ ಲೊರೆಂಟ್ಸ್ ನಿಧಾನವಾಗಿ ತಿರುಗಿದ.

"ನಾನೇನು ಮಾಡ್ದೆ?"

"ಅರ್ಧ ಸ್ವರ ಮೇಲಕ್ಕೇರಿಸಿ ನುಡಿಸ್ತಿದ್ದೀಯ! ನಾನು ಎಡವ್ಬೇಕು, ನನ್ನ ಬದಲು ಆಂಟ್ಯೆ ಹಾಡ್ಬೇಕು… ಅಷ್ಟೇ ತಾನೇ?"

"ಅಯ್ಯೋ ತಾಯಿ, ಆಂಟ್ಯೆ ಯಾರು ಅಂತಾನೇ ನಂಗೊತ್ತಿಲ್ಲ! ಈ ಆರ್ಗನ್ ಹುಟ್ಟಿದ್ದೇ ಹೀಗೆ. ಹಳೇ ಕಾಲದ ಎತ್ತರದ ಶ್ರುತಿ. ಬೇಕಿದ್ರೆ ಅದರ ಜೊತೆಗೇ ಜಗಳ ಆಡು!"

ಬ್ರೆಮೆನ್‌ನಿಂದ ಅಧ್ಯಯನ ಪ್ರವಾಸಕ್ಕೆ ಗೆಸೀನೆಯ ಜೊತೆ ಬಂದಿದ್ದ ಸಹಪಾಠಿಗಳು, ಆಂಟ್ಯೆಯೂ ಸೇರಿ, ಗೊಳ್ಳೆಂದು ನಕ್ಕರು. ಗೆಸೀನೆಯ ಮುಖ ಕೆಂಪಾಯಿತು. ಯಾವ ಸ್ವರ ಕೇಳಿದರೂ ಥಟ್ಟನೆ ಹೆಸರು ಹೇಳುವ ಕಿವಿ ಅವಳದು. ಈಗ ಅದೇ ಮುಳುವಾಗಿತ್ತು! ಸ್ವರಲಿಪಿಯ ಹಾಳೆಯಲ್ಲೊಂದು ಸ್ವರ, ಕಿವಿಯಲ್ಲಿನ್ನೊಂದು… ಮತ್ತೆ ಹಾಡಿದಳು, ಮತ್ತೆ ಎಡವಿದಳು.

"ಶನಿವಾರದ ಕಛೇರಿಯಲ್ಲಿ ಆಂಟ್ಯೆಯೇ ಹಾಡಲಿ ಬಿಡು," ಎಂದರು ಅವರನ್ನು ಕರೆತಂದಿದ್ದ ಪ್ರೊಫೆಸರ್ ಹೆಲ್ವಿಗ್.

ಈ ಹಾಡಿಗಾಗಿಯೇ ಅಲ್ಲವೇ ಗೆಸೀನೆ ಇಷ್ಟು ದೂರ ಬಂದದ್ದು!

"ಮೇಡಂ, ಇನ್ನೂ ಟೈಮಿದೆ," ಎಂದ ಲೊರೆಂಟ್ಸ್. "ಶುಕ್ರವಾರದವರೆಗೆ ನಮ್ಮಿಬ್ಬರಿಗೆ ಅಭ್ಯಾಸಕ್ಕೆ ಬಿಡಿ."

'ಇವನಿಗೇನು ನನ್ನ ಮೇಲೆ ಕರುಣೆ?' ಎಂದು ಅವಳು ಮನಸ್ಸಿನಲ್ಲೇ ಕುದಿದಳು. ಆದರೂ ಮಾರನೆಯ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನಿಂತಳು.

"ಹಾಳೆ ಮುಚ್ಚು. ನಾನು ನುಡಿಸೋದನ್ನ ಕೇಳ್ಕೊಂಡು ಹಾಡು," ಎಂದ ಲೊರೆಂಟ್ಸ್.

"ಅಂದ್ರೆ ನನ್ನ ಕಿವಿ ತಪ್ಪಾ?"

"ನಿನ್ನ ಕಿವೀನೂ ಸರಿ, ಆರ್ಗನ್ನೂ ಸರಿ. ಜೊತೆಗಿರ್ಬೇಕಂದ್ರೆ ಒಬ್ರು ಮಣೀಬೇಕು. ಅದು ಸಾವಿರಾರು ಕೊಳವೆ ಹೊತ್ಕೊಂಡು ಕೂತಿದೆ, ಎಲ್ಲಿ ಮಣಿಯುತ್ತೆ ಹೇಳು?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ತಂದಿದ್ದ ಬಾದಾಮಿ ಕೇಕಿನಲ್ಲಿ ದೊಡ್ಡ ಪಾಲು ತಿಂದಳು. ತಪ್ಪಿದಾಗಲೆಲ್ಲ ಅವನು ಬೈಯದೆ, ಮುಖ ಸಿಂಡರಿಸದೆ, ಮೊದಲಿಂದ ನುಡಿಸುತ್ತಿದ್ದ. ಶುಕ್ರವಾರದ ಹೊತ್ತಿಗೆ ಅವಳು ಆರ್ಗನ್ನಿಗಿಂತ ಅವನ ಉಸಿರನ್ನೇ ಹೆಚ್ಚು ಕೇಳುತ್ತಿದ್ದಳು. ಪ್ರೀತಿ ಎಂದರೆ ಇದೇ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶನಿವಾರ ಚರ್ಚು ಕಿಕ್ಕಿರಿದಿತ್ತು. ಗೆಸೀನೆ ಮೇಲೆ, ಆರ್ಗನ್ನಿನ ಪಕ್ಕ, ಹಾಳೆಯಿಲ್ಲದೆ ಬರಿಗೈಯಲ್ಲಿ ನಿಂತಳು. ಆ ಎತ್ತರದ ಸ್ವರ ಬಂತು… ಅವಳು ಹೆದರಲಿಲ್ಲ, ಹೆಸರೂ ಹುಡುಕಲಿಲ್ಲ. ಹಾಡಿಬಿಟ್ಟಳು! ಕೆಳಗೆ ಆಂಟ್ಯೆಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಜನ ಹೊರಟ ಮೇಲೂ ಲೊರೆಂಟ್ಸ್ ಆರ್ಗನ್ನಿನ ಮುಚ್ಚಳ ಒರೆಸುತ್ತಲೇ ಇದ್ದ.

"ನಾಳೆ ನನ್ನ ಟ್ರೈನು," ಎಂದಳು.

"ಗೊತ್ತು."

"ಗೊತ್ತು ಅಂದ್ರೆ? ಅಷ್ಟೇನಾ? ಲೊರೆಂಟ್ಸ್, ನಂಗೆ ನೀನಂದ್ರೆ ಇಷ್ಟ. ಈಗ ನೀನು ಹೇಳು!"

ಅವನ ಕೈಯ ಬಟ್ಟೆ ಕೆಳಗೆ ಬಿತ್ತು. "ನಂಗೂ… ತುಂಬಾ. ಮಾತಾಡೋಕೆ ಬರಲ್ಲ ಕಣೇ ನಂಗೆ. ಬ್ರೆಮೆನ್‌ಗೆ ಬಂದ್ರೆ ಬಾಗಿಲು ತೆಗೀತೀಯಾ?"

"ಸ್ಟೇಷನ್‌ಗೇ ಬರ್ತೀನಿ. ಅಮ್ಮನೂ ಬರ್ತಾಳೆ. ಹೆದರ್ತೀಯಾ?"

"ನಿನ್ನ ಕೂಗಿಗೇ ಹೆದರಲಿಲ್ಲ, ಇನ್ನು ನಿಮ್ಮಮ್ಮ…"

"ಸುಳ್ಳು!"

"ಸರಿ, ಸ್ವಲ್ಪ ಹೆದರಿದ್ದೆ," ಎಂದು ಅವನು ಅವಳ ಕೈ ಹಿಡಿದುಕೊಂಡ. "ಈಗಲೂ ಹೆದರಿಕೆನೇ. ನೀನು ಬಿಡಿಸ್ಕೊಂಡ್ರೆ ಅಂತ."

"ಬಿಡಿಸ್ಕೊಳಲ್ಲ," ಎಂದಳು ಗೆಸೀನೆ.