ದೋಣಿಯಮ್ಮ

“ಮಳೆಗಾಲ ಮುಗಿಯೋವರೆಗೆ ಇರ್ತೀಯಲ್ಲ. ಮಗು ತಾನಾಗಿ ನಿನ್ನ ‘ಅವ್ವಾ’ ಅಂದ್ರೆ ಕರ್ಕೊಂಡ್ ಹೋಗು. ಅನ್ಲಿಲ್ಲ ಅಂದ್ರೆ ಮತ್ತೆ ಕೇಳಬೇಡ.”

ಬಸಕ್ಕ ಸೊಸೆಯ ಮುಖವನ್ನೂ ನೋಡದೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದಳು. ಆಗಷ್ಟೇ ಗಂಡನೊಡನೆ ಬಸ್ಸಿಳಿದು ಸೊರಬದ ಮನೆಗೆ ಬಂದಿದ್ದ ಯಮುನಮ್ಮ ಜಗುಲಿಯ ಮೇಲೆ ಕುಸಿದು ಕೂತಳು. ಹೆತ್ತವಳಿಗೂ ಪರೀಕ್ಷೆಯೇ... ಎಂಥ ಕಲ್ಲು ಮನಸ್ಸು!

ಆದರೆ ಬಸಕ್ಕನೊಬ್ಬಳನ್ನೇ ದೂರಿ ಫಲವಿಲ್ಲ. ಅವಳ ಮಗ ಹುಲಿಯಪ್ಪ ಹೊನ್ನಾವರದ ಸೋದರಮಾವನ ಮಚವೆ ನಡೆಸುತ್ತಿದ್ದ. ಮಂಗಳೂರು ಹೆಂಚು ತುಂಬಿಕೊಂಡು, ಹಾಯಿ ಬಿಚ್ಚಿ ಕಾರವಾರಕ್ಕೆ ಹೋಗುವ ಆ ದೋಣಿಯೇ ಗಂಡ ಹೆಂಡಿರಿಗೆ ಒಂಬತ್ತು ತಿಂಗಳ ಮನೆ. ಮಳೆ ಹಿಡಿದಾಗ ಅದನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿದ ಮೇಲಷ್ಟೇ ಊರು. ಯಮುನಮ್ಮ ಹಾಯಿಯ ನೆರಳಲ್ಲಿ, ಮರಳು ತುಂಬಿದ ಪೆಟ್ಟಿಗೆಯ ಮೇಲೆ ಒಲೆ ಹೂಡಿ ಗಂಜಿ ಬೇಯಿಸುತ್ತಿದ್ದಳು. ಪೀಪಾಯಿಯ ಸಿಹಿನೀರನ್ನು ಆಳಿಗಿಷ್ಟೆಂದು ಚಿಪ್ಪಿನಲ್ಲಿ ಅಳೆದು ಕೊಡುತ್ತಿದ್ದಳು. ಮೂರು ವರ್ಷದ ಹಿಂದೆ, ಐವತ್ತೈದನೆಯ ಇಸವಿಯ ಬೇಸಗೆಯಲ್ಲಿ, ದಡ ಕಾಣದಷ್ಟು ದೂರದಲ್ಲಿ ಗಾಳಿ ಅಡಗಿ ಮಚವೆ ನಾಲ್ಕು ದಿನ ನಿಂತಲ್ಲೇ ನಿಂತಿತು. ಪೀಪಾಯಿ ಬರಿದಾಯಿತು. ಜ್ವರ ಬಂದಿದ್ದ ಹಿರಿಮಗ ನೀರು ಕೇಳುತ್ತ ಕೇಳುತ್ತ ಅವಳ ಮಡಿಲಲ್ಲೇ ಕಣ್ಣು ಮುಚ್ಚಿದ... ಆ ವರ್ಷವೇ ಬಸಕ್ಕ ಹಾಲುಗೂಸು ಹೂವಿಯನ್ನು ಸೊಸೆಯಿಂದ ಕಿತ್ತುಕೊಂಡಿದ್ದಳು.

ಈಗ ಹೂವಿಗೆ ನಾಲ್ಕು. ಅವಳ ಬಾಯಲ್ಲಿ ಅಜ್ಜಿಯೇ ‘ಅವ್ವ’, ಹೆತ್ತವಳು ‘ದೋಣಿಯಮ್ಮ’. ಯಮುನಮ್ಮ ಮಗುವಿನ ಬೆನ್ನು ಬಿಡಲಿಲ್ಲ. ತಲೆ ಬಾಚಿದಳು, ಅಕ್ಕಿರೊಟ್ಟಿಗೆ ಬೆಣ್ಣೆ ಸವರಿ ತಿನ್ನಿಸಿದಳು. ಬಾವಿಕಟ್ಟೆಯಲ್ಲಿ ಹೂವಿ ಚೊಂಬುಗಟ್ಟಲೆ ನೀರು ಸುರಿದುಕೊಂಡು ಕೇಕೆ ಹಾಕುವಾಗ ಮಾತ್ರ ಅವಳ ಕೈ ತಾನಾಗಿ ಅಡ್ಡ ಹೋಗುತ್ತಿತ್ತು. ಒಮ್ಮೆ ಗದರಿಯೇಬಿಟ್ಟಳು. ಮಗು ಅತ್ತುಕೊಂಡು ಅಜ್ಜಿಯ ಸೆರಗು ಸೇರಿತು. ಅಳತೆಯನ್ನು ಇಲ್ಲಿಗೂ ತಂದೆಯಾ ಎಂದು ಬಸಕ್ಕ ಹಂಗಿಸಿದಳು.

ನೂಲು ಹುಣ್ಣಿಮೆ ಕಳೆಯಿತು. ಕಡಲು ತಿಳಿಯಾಗಿದೆ, ಬೇಗ ಬನ್ನಿ ಎಂದು ಹೊನ್ನಾವರದಿಂದ ಕಾಗದ ಬಂತು. ಹೊರಡುವ ಬೆಳಿಗ್ಗೆ ಹುಲಿಯಪ್ಪ ಗಂಟು ಹೊತ್ತು ಬಸ್ಸು ನಿಲ್ಲುವಲ್ಲಿಗೆ ಮುಂದಾಗಿ ಹೋದ. ಯಮುನಮ್ಮ ಮೆಟ್ಟಿಲಿಳಿಯುತ್ತಿದ್ದಂತೆ ಹೂವಿ ಅಜ್ಜಿಯ ಕೈ ಕೊಸರಿಕೊಂಡು ಓಡಿಬಂದು ಸೀರೆ ಹಿಡಿದಳು.

“ಅವ್ವಾ, ನಾನೂ ಬರ್ತೀನಿ.”

ಬಸಕ್ಕನ ಮುಖ ಬಿಳಿಚಿತು. ಕೊಟ್ಟ ಮಾತು, ತಡೆಯಲು ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. ಇದೊಂದು ಕರೆಗಾಗಿ ಯಮುನಮ್ಮ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳು! ಬಾಚಿ ಎತ್ತಿಕೊಂಡಳು. ಆಗಷ್ಟೇ ಮುಖ ತೊಳೆದಿದ್ದ ಮಗುವಿನ ಕೆನ್ನೆ ಇನ್ನೂ ಒದ್ದೆಯಾಗಿತ್ತು. ಒಡನೆಯೇ ಹಿರಿಮಗನ ಒಣಗಿ ಬಿರಿದ ತುಟಿಗಳು ಕಣ್ಣೆದುರು ಬಂದವು... ಮಗುವನ್ನು ಎದೆಗೊತ್ತಿಕೊಂಡಳು, ಮತ್ತೆ ಮೆಲ್ಲಗೆ ಕೆಳಗಿಳಿಸಿದಳು.

“ನಾನು ದೋಣಿಯಮ್ಮ ಕಣೇ. ನಿಮ್ಮವ್ವ ಅಲ್ಲಿ ನಿಂತಾಳೆ ನೋಡು. ಹೋಗು.”

ಬಸಕ್ಕ ಬಾಗಿಲು ಹಿಡಿದುಕೊಂಡು ಅಳತೊಡಗಿದಳು. ಯಮುನಮ್ಮ ತಿರುಗಿ ನೋಡಲಿಲ್ಲ.

ಬಸ್ಸು ಊರು ದಾಟಿದ ಮೇಲೆ, ಕೊನೆಗಾದರೂ ಮಗು ಅವ್ವ ಎಂದು ಕರೆಯಿತೇ ಎಂದು ಹುಲಿಯಪ್ಪ ಅಳುಕುತ್ತ ಕೇಳಿದ.

ಇಲ್ಲ ಎಂದಳು.