ನೆಟಲ್ ನಡುಗಿದ್ದು ಯಾಕೆ?

ಹೆಸ್ಟರ್ ಅಂಟುಪಟ್ಟಿ ಹರಿದು ಹರಿದು ತಮ್ಮ ರೋಬಾಟ್ ನೆಟಲ್‌ನ ಹೊಟ್ಟೆಯೊಳಗಿನ ಕಬ್ಬಿಣದ ಪುಡಿ ಎತ್ತುತ್ತಿದ್ದಳು. ಒತ್ತುವುದು, ಕೀಳುವುದು, ನೋಡುವುದು. ಬರ್ನ್ಲಿ ಊರಿನ ಕ್ರೀಡಾಭವನದ ತುಂಬ ಮೇಜುಗಳು. ಮೇಜುಗಳ ಮೇಲೆಲ್ಲ ಕಾಳಗದ ರೋಬಾಟ್‌ಗಳು ಮುಚ್ಚಳ ತೆರೆದು ಬಿದ್ದಿದ್ದವು. ಒಂದೊಂದೂ ಕ್ವಿಂಟಲ್ ಮೀರಿದ ತೂಕ.

ಅಂಟುಪಟ್ಟಿ ಬಲಮೂಲೆಗೆ ಬಂತು. ಕೈ ನಿಂತಿತು.

ಅಲ್ಲಿ ಇರಬೇಕಾದದ್ದು ಹೊಸ ಕಂಟ್ರೋಲರ್ ಜೋಡಿ. ರಿಮೋಟಿನ ಮಾತು ಕೇಳಿ, ಎಡಬಲದ ಚಕ್ರದ ಮೋಟಾರುಗಳಿಗೆ ಎಷ್ಟು ಕರೆಂಟು ಬಿಡಬೇಕೆಂದು ತೀರ್ಮಾನಿಸುವ ಎರಡು ಪುಟ್ಟ ಪೆಟ್ಟಿಗೆಗಳು. ಇಡೀ ಚಳಿಗಾಲ ಓದಿ, ವಿಚಾರಿಸಿ, ಅಳೆದು ಸುರಿದು ಆರಿಸಿದವಳು ಹೆಸ್ಟರ್. ಈಗ ಆ ಜಾಗದಲ್ಲಿ ಹಳೆಯ ಜೋಡಿ ಕುಳಿತಿತ್ತು. ದಪ್ಪ, ಕಪ್ಪು, ಮೂಲೆ ಸವೆದದ್ದು. ಬಿಡಿಸಾಮಾನಿನ ಡಬ್ಬಿಯ ತಳದಲ್ಲಿ ಬಿದ್ದಿರಬೇಕಾದದ್ದು.

ನಾನೇ ಮರೆತು ಹಾಕಿದೆನೆ? ಇಲ್ಲ. ನಿನ್ನೆ ಸಂಜೆ ತಪಾಸಣೆಯಾದಾಗ ಹೊಸವೇ ಇದ್ದವು.

“ತಾತ, ಹೊಸ ಕಂಟ್ರೋಲರ್ ಇಲ್ಲ.”

ವಿಲ್ಫ್ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ಬಗ್ಗಿ ನೋಡಿದರು. “ಹೋಗ್ಲಿ ಬಿಡು ಪುಟ್ಟಿ. ಹಳೇವು ಇದಾವಲ್ಲ.”

“ಹೋಗ್ಲಿ ಅಂದ್ರೆ? ಯಾರೋ ಕದ್ದಿದಾರೆ ತಾತ.”

ಮಾತು ಪಕ್ಕದ ಮೇಜಿಗೆ ಕೇಳಿತು. ಅಲ್ಲಿಂದ ಸುರಕ್ಷತಾ ತಪಾಸಣೆಯ ಬೆರಿಲ್ ಆರ್ಮರಾಡ್‌ಗೆ ಮುಟ್ಟಲು ತಡವಾಗಲಿಲ್ಲ. ಬೆರಿಲ್ ಬಂದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಟೀ ಕಪ್ಪುಗಳ ತಟ್ಟೆ.

“ನಿಯಮ ಗೊತ್ತಲ್ಲ ಮಗಳೇ? ತಪಾಸಣೆ ಆದ್ಮೇಲೆ ಹೊರಗಿನವರು ಕೈಯಾಡಿಸಿದ ರೋಬಾಟ್‌ನ ನಾನು ಕಣಕ್ಕೆ ಬಿಡಲ್ಲ. ಮಧ್ಯಾಹ್ನ ನಿಮ್ಮ ಸರದಿ. ಅಷ್ಟರಲ್ಲಿ ಯಾರು ಅಂತ ತಿಳೀಬೇಕು. ಇಲ್ಲಾಂದ್ರೆ ಗಾಡಿ ಕಟ್ಟಿ, ಮನೆಗೆ ಹೋಗಿ.”

ಹೆಸ್ಟರ್ ಅಂಟುಪಟ್ಟಿ ಕೆಳಗಿಟ್ಟಳು. ನೆಟಲ್‌ನೊಳಗೆ ಅವಳದೆಂಬ ವಸ್ತು ಮೊದಲ ಸಲ ಕಣಕ್ಕಿಳಿಯುವುದಿತ್ತು.

ಬೆರಿಲ್ ಎಲ್ಲರಿಗೂ ಟೀ ಕೊಟ್ಟು, ಪಕ್ಕದ ಮೇಜಿನ ಕ್ಲೈವ್‌ನತ್ತ ತಿರುಗಿದರು. ಮಧ್ಯಾಹ್ನ ನೆಟಲ್‌ಗೆ ಎದುರಾಳಿ ಅವನದೇ ರೋಬಾಟ್.

“ಬೆಳಗ್ಗೆ ಈ ಮೇಜಿನ ಹತ್ರ ಬಂದಿದ್ಯಾ?”

“ಬಂದಿದ್ದೆ. ಸ್ಪ್ಯಾನರ್ ಬೇಕಿತ್ತು. ಇಲ್ಲಿ ಯಾರು ಯಾರ ಡಬ್ಬೀಲಿ ಕೈ ಹಾಕಲ್ಲ?”

“ಕಂಟ್ರೋಲರ್?”

ಕ್ಲೈವ್ ನಕ್ಕ. “ನಾನ್ಯಾಕೆ ಕದೀಲಿ? ನಿನ್ನೆ ಕಾರ್ ನಿಲ್ಸೋ ಜಾಗದಲ್ಲಿ ವಿಲ್ಫ್ ಯಜಮಾನ್ರು ಓಡಿಸಿ ನೋಡಿದ್ರಲ್ಲ, ಆಗ ನೆಟಲ್ ಜ್ವರ ಬಂದ ನಾಯಿ ಥರ ನಡುಗ್ತಿತ್ತು. ಆ ಕಂಟ್ರೋಲರ್ ಅದರಲ್ಲೇ ಇರ್ಲಪ್ಪಾ ಅಂತ ದೇವರಿಗೆ ಹರಕೆ ಹೊರೋನು ನಾನು.”

ಅದೂ ನಿಜ. ನಿನ್ನೆ ನೆಟಲ್ ನಿಂತಲ್ಲೇ ಥರಥರ ನಡುಗಿತ್ತು. ನೋಡಿದವರು ನಕ್ಕಿದ್ದರು. ಹೆಸ್ಟರ್ ಮನೆಗೆ ಹೋಗದೆ ಒಂದೊಂದೇ ತಂತಿ ಪರೀಕ್ಷಿಸಿದ್ದಳು. ಎಲ್ಲ ಸರಿಯಿತ್ತು. ಬೆರಿಲ್ ಎದುರಿಗೆ ತಾನೇ ರಿಮೋಟ್ ಹಿಡಿದು ನೋಡಿದಳು. ಗೋಡೆಯ ಹಾಗೆ ನಿಂತಿತು. ಹಾಗಾದರೆ ನಡುಗಿದ್ದು ಯಾಕೆ? ತಲೆಬುಡ ತಿಳಿದಿರಲಿಲ್ಲ.

ಬೆರಿಲ್ ವಿಚಾರಿಸಿದ ಎರಡನೆಯವನು ನಾರ್ಮನ್. ತಾತನ ಹಳೆಯ ಗೆಳೆಯ. ಹೊಸ ಕಂಟ್ರೋಲರ್ ಎಂದರೆ ಉರಿದು ಬೀಳುವವನು.

“ಕಸದ ಬುಟ್ಟಿಗೆ ಹಾಕು ಅಂದಿದ್ದು ನೀನೇ ತಾನೆ?”

“ಅಂದಿದ್ದೆ. ಇನ್ನೊಂದ್ಸಲ ಬೇಕಾದ್ರೂ ಅಂತೀನಿ. ಆದ್ರೆ ಹಾಕಬೇಕು ಅಂದ್ರೆ ಎದುರಿಗೇ ಹಾಕ್ತಿದ್ದೆ ಬೆರಿಲ್. ಕದ್ದು ಹಾಕೋಕೆ ನಾನೇನು ಬೆಕ್ಕಾ?”

“ಸರಿ. ಕಂಟ್ರೋಲರ್ ಜೋಡಿ ಹಾಕುವಾಗ ಕೆಂಪು ತಂತಿ ಏನ್ ಮಾಡ್ತೀಯ?”

ನಾರ್ಮನ್ ಹುಬ್ಬೇರಿಸಿದ. “ಇದೆಂಥ ಪ್ರಶ್ನೆ? ಎರಡೂ ಪೆಟ್ಟಿಗೆ ರಿಮೋಟಿನ ಮಾತು ಹಿಡಿಯೋ ರಿಸೀವರ್‌ಗೆ ಕರೆಂಟ್ ಕೊಡೋಕೆ ಹೋದ್ರೆ ಒಂದಕ್ಕೊಂದು ಜಗಳ. ಅದಕ್ಕೇ ಒಂದರ ಕೆಂಪು ತಂತೀನ ಕಚಕ್ ಅಂತ ಕತ್ತರಿಸ್ತೀನಿ.”

“ಕ್ಲೈವ್, ನೀನು?”

“ಕತ್ತರಿಸ್ತೀನಿ. ಎಲ್ಲರೂ ಹಾಗೇ.”

ಬೆರಿಲ್ ಟಾರ್ಚ್ ಹಾಕಿದರು. ಹೆಸ್ಟರ್ ನೋಡಿದಳು. ನೋಡಬಾರದಿತ್ತು ಅನ್ನಿಸಿತು.

ಹಳೆಯ ಜೋಡಿಯಲ್ಲಿ ಒಂದರ ಕೆಂಪು ತಂತಿ ಕತ್ತರಿಸಿರಲಿಲ್ಲ. ತುದಿಯ ಪಿನ್ನನ್ನು ಉಪಾಯವಾಗಿ ಹೊರಗೆಳೆದು, ತಂತಿಯನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿತ್ತು.

“ಈ ಜೋಡಿ ಎತ್ತಿಡುವಾಗ ತಂತಿ ಹೀಗೇ ಇತ್ತಾ ಮಗಳೇ?”

“ಇಲ್ಲ,” ಎಂದಳು ಹೆಸ್ಟರ್. “ಪಿನ್ನು ವಾಪಸ್ ಕೂರಿಸಿ ಇಟ್ಟಿದ್ದೆ.”

“ಅಂದ್ರೆ ಇದು ಇವತ್ತಿನ ಕೆಲಸ. ಟೇಪಿನ ಮೇಲೆ ಒಂದು ಕಣ ಪುಡಿ ಇಲ್ಲ, ನೋಡು. ಕತ್ತರಿಸಿದ ತಂತಿ ಮತ್ತೆ ಸಿಗಲ್ಲ, ನಾಳೆ ಇನ್ನೊಬ್ಬರಿಗೆ ಬೇಕಾಗುತ್ತೆ ಅಂತ ಮಡಚಿ ಇಡೋರು ಈ ಭವನದಲ್ಲಿ ಒಬ್ಬರೇ. ಇದನ್ನ ನಾನು ವರ್ಷಗಳಿಂದ ನೋಡಿದೀನಿ. ಆದ್ರೆ ಅವರ ಟೇಪು ಯಾವತ್ತೂ ಒಂದೇ ಸುತ್ತು, ಗೆರೆ ಎಳೆದ ಹಾಗೆ. ಇದು ಎಷ್ಟು ಸುತ್ತು, ಎಷ್ಟು ಸೊಟ್ಟ! ಅಭ್ಯಾಸ ಅದೇ. ಕೈ ಮಾತ್ರ ಅದಲ್ಲ. ಅಲ್ಲಿಗೆ ನನಗೂ ಗೊಂದಲ ಆಯ್ತು.”

ಅವರು ಮೇಜಿನ ತುದಿಯತ್ತ ನೋಡಿದರು. ಎಲ್ಲರ ಕಪ್ಪು ಖಾಲಿಯಾಗಿತ್ತು. ಒಂದರಲ್ಲಿ ಟೀ ತುಂಬಿದ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

“ಜೇಬಿಂದ ಕೈ ತೆಗೀರಿ ವಿಲ್ಫ್.”

ವಿಲ್ಫ್ ಮೆಲ್ಲನೆ ಕೈ ತೆಗೆದರು. ಕೈ ಜೊತೆಗೇ ಹೊಸ ಕಂಟ್ರೋಲರ್‌ಗಳೂ ಬಂದವು. ಅವನ್ನು ಮೇಜಿನ ಮೇಲಿಡುವಾಗ ಬೆರಳು ತಗುಲಿ ಕಪ್ಪಿನೊಳಗಿನ ಚಮಚ ಟಿಣಿಟಿಣಿ ಅಂದಿತು. ನಿಲ್ಲಲೇ ಇಲ್ಲ.

“ನಡುಗ್ತಾ ಇದ್ದದ್ದು ನೆಟಲ್ ಅಲ್ಲ,” ಎಂದರು ಬೆರಿಲ್. “ಹುಡುಗಿ ರಿಮೋಟ್ ಹಿಡಿದಾಗ ಸುಮ್ಮನೆ ನಿಂತಿತ್ತಲ್ಲ, ಅದನ್ನ ನಾವ್ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.”

ವಿಲ್ಫ್ ಹೆಸ್ಟರ್‌ಳನ್ನಷ್ಟೇ ನೋಡಿದರು. “ನೀನು ಆರಿಸಿದ್ದು ಸರಿಯಾಗೇ ಇದೆ ಪುಟ್ಟಿ. ಜಾಸ್ತೀನೇ ಸರಿ. ಹಳೇವು ಮಂದ. ಬೆರಳು ಸ್ವಲ್ಪ ಅಲ್ಲಾಡಿದ್ರೆ ಅವಕ್ಕೆ ತಿಳಿಯೋದೇ ಇಲ್ಲ. ಇವು ಒಂದನ್ನೂ ಬಿಡದೆ ಹೇಳಿಬಿಡ್ತಾವೆ. ನಿನ್ನೆ ಜನ ನಿನ್ನ ಕಂಟ್ರೋಲರ್ ನೋಡಿ ನಕ್ರು. ನಾನು ಬಾಯಿ ಬಿಡಲಿಲ್ಲ.”

ಕ್ಲೈವ್ ತನ್ನ ಮೇಜಿನತ್ತ ಮುಖ ತಿರುಗಿಸಿದ. ನಾರ್ಮನ್ ಖಾಲಿ ಕಪ್ಪಿನೊಳಗೆ ಇಣುಕಿದ. ಧ್ವನಿವರ್ಧಕ ಮಧ್ಯಾಹ್ನದ ಕಾಳಗಕ್ಕೆ ನೆಟಲ್‌ನ ಹೆಸರು ಕರೆಯಿತು.

ಕಳ್ಳ ಹೊರಗಿನವನಲ್ಲ. ನೆಟಲ್ ಕಣಕ್ಕಿಳಿಯಬಹುದು. ಹೆಸ್ಟರ್ ಸ್ಕ್ರೂ ಡ್ರೈವರ್ ಎತ್ತಿಕೊಂಡಳು. ಒಂದು ಕಡೆ ಹೊಸ ಜೋಡಿ, ಇನ್ನೊಂದು ಕಡೆ ಹಳೆಯದರ ಮೇಲೆ ಮುಚ್ಚಬೇಕಾದ ಮುಚ್ಚಳ. ಯಾವ ಕಡೆಗೂ ಕೈ ಹೋಗಲಿಲ್ಲ.

“ಇವತ್ತೊಂದು ಸಲ ಹಳೇವೇ ಇರ್ಲಿ,” ಎಂದರು ವಿಲ್ಫ್. “ರಿಮೋಟ್ ನನಗೆ ಕೊಡಿ.”

ಹೆಸ್ಟರ್ ಹಳೆಯ ಜೋಡಿಯ ಮೇಲೆ ಮುಚ್ಚಳವಿಟ್ಟು ಮೊದಲ ಸ್ಕ್ರೂ ತಿರುಗಿಸಿದಳು.